ಸಾಹೇಬರು ರೈಟ್ ಕೊಡುವ ತನಕ

“ಮೊದಲನೇ ದಿನ ಮಗೂನ ಎತ್ಕೋಬೇಡ. ಮುಟ್ಟಲೂಬೇಡ. ಕಣ್ಣಲ್ಲಿ ಕಣ್ಣಿಟ್ಟು ನೋಡಲೂಬೇಡ. ಹೊಸಬರು ಮನೆಗೆ ಕಾಲಿಟ್ಟ ತಕ್ಷಣ ‘ಬಾ ಕಂದ, ಬಾ ಚಿನ್ನ’ ಅಂತ ಕೈ ಚಾಚ್ತಾರಲ್ಲ, ಅದು ಮಗುಗೆ ಹೇಗಿರುತ್ತೆ ಗೊತ್ತಾ? ನೀನು ದಾರೀಲಿ ಹೋಗ್ತಿರುವಾಗ ಗುರುತು ಪರಿಚಯ ಇಲ್ಲದೋರು ಯಾರೋ ಗಬಕ್ಕನೆ ಎತ್ಕೊಂಡು ಕೆನ್ನೆ ಹಿಂಡಿದ್ರೆ ಹೇಗಿರುತ್ತೆ, ಹಾಗೆ. ಅದರಲ್ಲೂ ನಿನ್ನಷ್ಟು ಎತ್ತರದೋಳು ಮೇಲಿಂದ ಬಗ್ಗಿದ್ರೆ ಚಾವಣಿನೇ ಕಳಚಿ ಬಿತ್ತು ಅಂದ್ಕೊಳ್ಳುತ್ತೆ ಪಾಪ. ಹೋದ ತಕ್ಷಣ ನೆಲದ ಮೇಲೆ ಕೂತ್ಕೊ. ಬೆನ್ನು ಅದರ ಕಡೆ ಇರಲಿ. ಕೈಗೊಂದು ಕೆಲಸ ಇರಲಿ. ಒಗೆದ ಬಟ್ಟೆ ಮಡಚು, ಬಟಾಣಿ ಸುಲಿ, ಏನಾದ್ರೂ. ತಾನಾಗೇ ಬರುತ್ತೆ. ಬಂದು ಮಡಚಿದ್ದನ್ನೆಲ್ಲ ಕೆಡವುತ್ತೆ. ಕೆಡವಲಿ, ಮತ್ತೆ ಮಡಚು. ನಿದ್ದೆ ಬಂದಾಗ ಕಣ್ಣುಜ್ಜೋ ಮುಂಚೆ ಕಿವಿ ಎಳ್ಕೊಳ್ಳುತ್ತೆ ನೋಡು, ಆಗಲೇ ಮಲಗಿಸ್ಬಿಡು. ಕಣ್ಣುಜ್ಜೋ ತನಕ ಕಾದ್ಯೋ, ಆಮೇಲೆ ನಿನ್ನ ತಲೆ ಮೇಲೆ ಕುಣಿಯುತ್ತೆ. ಹಸಿವಿನ ಅಳು ಮೆಲ್ಲಗೆ ಶುರುವಾಗಿ ಏರುತ್ತೆ. ನೋವಿನ ಅಳು ಮೇಲಿಂದಲೇ ಶುರು. ಸುಮ್ಮನೆ ಅಳೋ ಅಳು ಮಧ್ಯೆ ಮಧ್ಯೆ ನಿಂತು, ನೀನು ನೋಡ್ತಿದ್ದೀಯಾ ಇಲ್ವಾ ಅಂತ ನೋಡ್ಕೊಂಡು ಮುಂದುವರಿಯುತ್ತೆ. ಬಚ್ಚಲಲ್ಲಿ ಬಕೆಟ್ಟಿಗೆ ನೀರು ತುಂಬಿಸಿ ಬಿಟ್ಟು ಬರಬೇಡ, ಒಂದು ಚೊಂಬು ನೀರಾದ್ರೂ ಸರಿಯೇ. ನಿನ್ನ ಫೋನು ಆ ಮನೆ ಹೊಸ್ತಿಲಿಂದಾಚೆ. ಇನ್ನೊಂದು ಮುಖ್ಯವಾದ ಮಾತು. ಅವರಮ್ಮ ಹೊರಡುವಾಗ...”

ಮಾತು ಇಲ್ಲಿಗೆ ಬಂದಾಗ ಒಲೆಯ ಮೇಲಿನ ಹಾಲು ಉಕ್ಕಿತು. ಕೆಳಗಿನಜ್ಜಿ “ಅಯ್ಯೋ ನಿನ್ನ!” ಎಂದು ಕೋಲೂರಿಕೊಂಡು ಅಡುಗೆಮನೆಗೆ ಓಡಿದಳು. ಓಡುವುದೆಂದರೆ ಈಗೀಗ ಬೇರೆಯವರು ನಡೆಯುವಷ್ಟು. ಒಲೆ ಆರಿಸಿ, ಕಟ್ಟೆ ಒರೆಸಿ, ಹಾಲಿಗೂ ತನ್ನ ಮಂಡಿಗೂ ಸಮಸಮವಾಗಿ ಬೈದು ವಾಪಸು ಬರುವಷ್ಟರಲ್ಲಿ, ಯಾವ ಮಾತು ಅರ್ಧಕ್ಕೆ ನಿಂತಿತ್ತೆಂಬುದೇ ಮರೆತುಹೋಗಿತ್ತು.

“ದೊಡ್ಡಜ್ಜಿ, ಇದನ್ನೆಲ್ಲ ಬರ್ಕೊಳ್ಳಲಾ?” ಎಂದಳು ಹುಡುಗಿ.

“ಬರ್ಕೊಂಡು? ಮಗು ಮುಂದೆ ಓದಿ ಹೇಳ್ತೀಯಾ? ಹೋಗು, ಮೇಲೆ ಕಾಯ್ತಿರ್ತಾರೆ.”

ಹುಡುಗಿ ಎದ್ದಳು. ಏಳುತ್ತಲೇ ಇದ್ದಳು. ಅವಳು ಪೂರ್ತಿ ಎದ್ದು ನಿಲ್ಲುವುದಕ್ಕೆ ಬೇರೆಯವರಿಗಿಂತ ಹೊತ್ತು ಹಿಡಿಯುತ್ತಿತ್ತು. ಅಷ್ಟು ಉದ್ದ.

ಕೆಳಗಿನಜ್ಜಿ ಎಂಬುದು ಹೆಸರಲ್ಲ, ವಿಳಾಸ. ಆ ಹಳೆಯ ಕಟ್ಟಡದಲ್ಲಿ ಮೆಟ್ಟಿಲು ಶುರುವಾಗುವ ಕಡೆ ಮೊದಲ ಬಾಗಿಲು ಅವಳದು. ಮದುವೆಯಾಗಿ ಬಂದ ಹೊಸದರಲ್ಲಿ ಎರಡನೇ ಮಹಡಿಯ ನರ್ಸಮ್ಮ ತನ್ನ ಕೂಸನ್ನು ಟವಲಿನಲ್ಲಿ ಸುತ್ತಿಕೊಂಡು ಬಂದು, “ಒಂದು ಗಳಿಗೆ ನೋಡ್ಕೊಳ್ಳಮ್ಮ, ಈಗ ಬಂದೆ” ಎಂದು ಹೋದವಳು ಸಂಜೆ ಬಂದಳು. ಮಾರನೆಯ ದಿನವೂ ಅದೇ ಒಂದು ಗಳಿಗೆ. ಆಮೇಲೆ ನರ್ಸಮ್ಮನ ಅಕ್ಕನ ಮಗು, ಅದರ ಪಕ್ಕದ ಮನೆಯ ಅವಳಿ, ಬೀದಿಯಾಚೆಯ ದರ್ಜಿಯ ಮೂವರು. ಆ ಒಂದು ಗಳಿಗೆ ಮುಗಿಯುವುದಕ್ಕೆ ಅರ್ಧ ಆಯುಷ್ಯ ಹಿಡಿಯಿತು.

ಬಡಗಿಯಾಗಿದ್ದ ಗಂಡ ತಲೆಬಾಗಿಲಿಗೆ ಮೊಣಕಾಲೆತ್ತರದ ಒಂದು ಮರದ ಗೇಟು ಮಾಡಿಕೊಟ್ಟಿದ್ದ, ಮಕ್ಕಳು ಮೆಟ್ಟಿಲಿಗೆ ಹೋಗದಿರಲೆಂದು. ಅದರ ಮೇಲಂಚು ಎಷ್ಟೋ ಮಕ್ಕಳ ಕೈ ಸವರಿ, ಹೊಸ ಹಲ್ಲು ಕಚ್ಚಿ, ಸೋಪಿನ ಹಾಗೆ ನುಣುಪಾಗಿತ್ತು. ಗಂಡ ತೀರಿಕೊಂಡ. ತನ್ನ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ. ಆ ವಿಚಾರ ಯಾರಾದರೂ ತೆಗೆದರೆ, “ನನ್ನ ಮಕ್ಕಳ ಲೆಕ್ಕ ನನಗೇ ಸಿಗ್ತಿಲ್ಲ, ನೀವೊಬ್ರು” ಎಂದುಬಿಡುತ್ತಿದ್ದಳು. ಸುಳ್ಳಲ್ಲ. ಬೀದಿಯ ತುದಿಯ ಔಷಧಿ ಅಂಗಡಿಯವನು ಅವಳು ಸಾಕಿದವನೇ. ಈಗ ಅರ್ಧ ತಲೆ ಬೋಳು. ಆದರೂ ಅಜ್ಜಿ ಬರುವುದು ಕಂಡರೆ ಕೈಯ ಸಿಗರೇಟನ್ನು ಬೆನ್ನ ಹಿಂದೆ ಹಿಡಿದುಕೊಳ್ಳುತ್ತಾನೆ. “ಹೊಗೆ ಕಿವಿಯಿಂದ ಬರ್ತಿದೆ ಕಣೋ” ಎಂದು ಅಜ್ಜಿ ಮುಂದೆ ಸಾಗುತ್ತಾಳೆ.

ಈಗ ಮಂಡಿ ಕೈಕೊಟ್ಟಿತ್ತು. ಬಗ್ಗುವಂತಿಲ್ಲ, ಎತ್ತುವಂತಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಮನೆಯಲ್ಲಿ ಮಕ್ಕಳ ಸದ್ದು ನಿಂತಿತು. ಉಳಿದದ್ದು ಮೆಟ್ಟಿಲು. ಮೆಟ್ಟಿಲೇ ಅವಳ ರೇಡಿಯೋ. ಯಾರು ಹತ್ತಿದರು, ಯಾರು ಇಳಿದರು, ಯಾರು ಸಿಟ್ಟಿನಲ್ಲಿದ್ದಾರೆ, ಯಾರ ಚಪ್ಪಲಿಯ ಉಂಗುಷ್ಠ ಕಿತ್ತಿದೆ, ಎಲ್ಲವೂ ಕುಳಿತಲ್ಲೇ ತಿಳಿಯುತ್ತಿತ್ತು.

ಮೂರನೇ ಮಹಡಿಯ ಕಂಡಕ್ಟರಮ್ಮ ಹಿಂದಿನ ದಿನ ಸಂಜೆ ಇಳಿದು ಬಂದಾಗ ಹೆಜ್ಜೆಯಲ್ಲೇ ಚಿಂತೆ ಕೇಳಿಸಿತು. ಸಿಟಿ ಬಸ್ಸಿನಲ್ಲಿ ಟಿಕೆಟ್ ಕೊಡುವ ಕೆಲಸ ಆಕೆಯದು. ಗಂಡ ಲಾರಿ ಡ್ರೈವರು, ವಾರಗಟ್ಟಲೆ ಮನೆಯಲ್ಲಿರುವುದಿಲ್ಲ. ಹೆರಿಗೆಗೆಂದು ಹಾಕಿದ ರಜ, ಆಮೇಲೆ ಸಂಬಳವಿಲ್ಲದ ರಜ, ಎಲ್ಲ ಮುಗಿದಿತ್ತು.

“ಮುಂದಿನ ಸೋಮವಾರ ಡ್ಯೂಟಿಗೆ ಹಾಜರಾಗಲೇಬೇಕಂತೆ ಅಜ್ಜಿ. ಮಗೂನ ನೀವೇ...”

“ನನ್ನ ಕೈಲಾಗಲ್ಲಮ್ಮ. ನಿನ್ನ ಮಗ ಓಡಿದ್ರೆ ನಾನು ಕೂತಲ್ಲಿಂದ ಕೂಗ್ಬೇಕು, ಅಷ್ಟೇ. ಆದ್ರೆ ಕೈಕಾಲು ಗಟ್ಟಿ ಇರೋಳೊಬ್ಬಳನ್ನ ಕೊಡ್ತೀನಿ.” ಅಜ್ಜಿ ಅಂಗಳದ ಕಡೆ ಮೂಗು ತೋರಿಸಿದಳು. ಅಲ್ಲಿ ತಂಗಿಯ ಮೊಮ್ಮಗಳು ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಮನೆಮಂದಿಯ ಬಾಯಲ್ಲಿ ಅವಳು ‘ಏಣಿ’. ತಂತಿ ಎಷ್ಟೇ ಮೇಲಿರಲಿ, ಅವಳಿಗೆ ಸ್ಟೂಲು ಬೇಡ.

“ಅವಳಾ? ಅಜ್ಜಿ, ಅವಳು ಮೊನ್ನೆ ನಮ್ಮ ಬಾಗಿಲಿಗೆ ತಲೆ ಹೊಡ್ಕೊಂಡು ಬಾಗಿಲಿಗೇ ಸಾರಿ ಅಂದ್ಲು.”

“ನೋಡು ಮತ್ತೆ. ಬಾಗಿಲಿಗೇ ಅಷ್ಟು ಮರ್ಯಾದೆ ಕೊಡೋಳು ನಿನ್ನ ಮಗನ್ನ ಗದರ್ತಾಳಾ?”

ಕಂಡಕ್ಟರಮ್ಮನಿಗೆ ನಗು ಬಂತು, ಆದರೆ ನಿಲ್ಲಲಿಲ್ಲ. “ನಮ್ಮತ್ತೆ ದಿನಾ ಫೋನ್ ಮಾಡ್ತಾರೆ. ‘ಕಳಿಸ್ಬಿಡು, ನಾನು ಸಾಕ್ತೀನಿ’ ಅಂತ. ಒಳ್ಳೇ ಮನಸ್ಸಿಂದಲೇ ಹೇಳ್ತಾರೆ, ಇಲ್ಲ ಅನ್ನಲ್ಲ. ಆದ್ರೆ ರಾತ್ರಿಯಿಡೀ ಪ್ರಯಾಣದ ದೂರ. ರಜ ಸಿಕ್ಕಾಗ ಹೋಗಿ ನೋಡ್ಬೇಕು. ಅಷ್ಟರಲ್ಲಿ ನಾನು ಅವನಿಗೆ ಬಸ್ಸಲ್ಲಿ ಸಿಕ್ಕಿದ ಯಾರೋ ಹೆಂಗಸಾಗಿರ್ತೀನಿ.” ಆಕೆ ಕಣ್ಣೊರೆಸಿಕೊಂಡಳು. “ಈ ವಾರ ನಾನು ಮನೇಲೇ ಇರ್ತೀನಿ. ಅವಳು ಬರಲಿ. ಶನಿವಾರದೊಳಗೆ ಇಬ್ಬರೂ ಹೊಂದ್ಕೊಂಡ್ರೆ ಸರಿ. ಇಲ್ಲಾಂದ್ರೆ ಅತ್ತೆಗೆ ಬಂದು ಕರ್ಕೊಂಡು ಹೋಗಿ ಅಂತೀನಿ.”

ಏಣಿಗೂ ಇದು ಸಣ್ಣ ವಿಷಯವಾಗಿರಲಿಲ್ಲ. ಶಾಲೆ ಮುಗಿದ ಮೇಲೆ ಗಾಜಿನ ಪಾತ್ರೆಯ ಅಂಗಡಿಗೆ ಸೇರಿದಳು. ಮೊಣಕೈ ತಗುಲಿ ಒಂದು ಸಾಲು ಲೋಟ ನೆಲ ಕಂಡಿತು. ಬಟ್ಟೆ ಅಂಗಡಿಗೆ ಸೇರಿದಳು. ಎಲ್ಲಕ್ಕಿಂತ ಮೇಲಿನ ಕಪಾಟಿನಿಂದ ಥಾನು ಇಳಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ, ಆದರೆ ಗಿರಾಕಿಗಳ ಮುಂದೆ ಬಾಯಿ ಹೊಲಿದ ಹಾಗೆ. ಎರಡೂ ಕಡೆ “ನಾಳೆಯಿಂದ ಬರಬೇಡಮ್ಮ” ಎಂದರು. “ಕೈಕಾಲು ಎಲ್ಲಿಗೆ ಮುಗಿಯುತ್ತೆ ಅಂತ ಇವಳಿಗೇ ಗೊತ್ತಿಲ್ಲ” ಎಂದು ಸೋದರಮಾವ ಊಟಕ್ಕೆ ಕೂತಾಗಲೆಲ್ಲ ನಗಾಡುತ್ತಿದ್ದ. ಎಲ್ಲರ ಜೊತೆ ಅವಳೂ ನಗುತ್ತಿದ್ದಳು. ಅಜ್ಜಿ ಮಾತ್ರ ಇನ್ನೊಂದು ನೋಡಿದ್ದಳು: ನೆಂಟರು ಸೇರಿದ ದಿನ ದೊಡ್ಡವರ ಗದ್ದಲ ಮುಗಿಯುವ ಹೊತ್ತಿಗೆ ಮನೆಯ ಮಕ್ಕಳೆಲ್ಲ ಏಣಿಯ ಮೇಲಿರುತ್ತಿದ್ದವು. ಒಂದು ಹೆಗಲ ಮೇಲೆ, ಒಂದು ತೊಡೆಯ ಮೇಲೆ, ಒಂದು ಕಾಲಿಗೆ ಜೋತುಬಿದ್ದು.

ಇನ್ನು ಮಗು. ಒಂದೂವರೆ ವರ್ಷದ ಗಂಡು. ಕಂಡಕ್ಟರಮ್ಮನ ಬಸ್ಸನ್ನು ದಾರಿಯಲ್ಲಿ ನಿಲ್ಲಿಸಿ ಟಿಕೆಟ್ ತಪಾಸಣೆ ಮಾಡುವ ಚೆಕಿಂಗ್ ಸಾಹೇಬರೊಬ್ಬರಿದ್ದರಂತೆ. ಕೈಯೆರಡೂ ಬೆನ್ನ ಹಿಂದೆ, ಹೊಟ್ಟೆ ಮುಂದೆ. ಮಗು ನಡೆಯಲು ಕಲಿತ ದಿನದಿಂದ ಅದೇ ಠೀವಿ. ಹಾಗಾಗಿ ಇಡೀ ಕಟ್ಟಡಕ್ಕೆ ಅವನು ‘ಸಾಹೇಬರು’. ಬಹುವಚನವಿಲ್ಲದೆ ಯಾರೂ ಮಾತಾಡಿಸುತ್ತಿರಲಿಲ್ಲ. ಸಾಹೇಬರು ಎದ್ದರು, ಸಾಹೇಬರು ಚಡ್ಡಿ ಒದ್ದೆ ಮಾಡಿಕೊಂಡರು.

ಮೊದಲ ದಿನ ಏಣಿ ಇಳಿದು ಬಂದಾಗ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದಳು.

“ಏನಾಯ್ತೇ?”

“ನೀವು ಹೇಳಿದ ಹಾಗೇ ಬಟ್ಟೆ ಮಡಚ್ತಾ ಕೂತಿದ್ದೆ. ಬೆನ್ನ ಹಿಂದೆ ಬಂದು ನಿಂತ್ರು.”

“ಯಾರು?”

“ಸಾಹೇಬ್ರು. ತುಂಬಾ ಹೊತ್ತು ನಿಂತಿದ್ರು, ಉಸಿರು ಕೇಳಿಸ್ತಿತ್ತು. ನಾನು ತಿರುಗಲೇ ಇಲ್ಲ. ಆಮೇಲೆ ಜಡೆ ಹಿಡಿದು ಜಗ್ಗಿದ್ರು.”

“ಆಗ?”

“ಆಗಲೂ ತಿರುಗಲಿಲ್ಲ. ಕಣ್ಣಲ್ಲಿ ನೀರು ಬಂತು.”

“ಜಡೆ ಎಳೆದ್ರೆ ತಿರುಗಬಹುದು ಕಣೇ ಹುಚ್ಚಿ! ಅಷ್ಟೊಂದು ನಿಯತ್ತಾಗಿ ಮಾಡು ಅಂತ ಯಾರು ಹೇಳಿದ್ರು?” ಅಜ್ಜಿ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡಳು. ಏಣಿಯ ಮುಖದಲ್ಲಿ ಮಾತ್ರ ಗೆಲುವಿತ್ತು. ಕೊನೆಗೆ ಸಾಹೇಬರು ಒಂದು ಕಾಲುಚೀಲ ತಂದು ಅವಳ ತೊಡೆಯ ಮೇಲೆ ಹಾಕಿದ್ದರು. ಅದನ್ನು ಮಡಚಿಟ್ಟದ್ದಕ್ಕೆ ಇನ್ನೊಂದು ತಂದಿದ್ದರು.

ಎರಡನೆಯ ದಿನ ಸಾಹೇಬರು ಬೇಯಿಸಿದ ಆಲೂಗೆಡ್ಡೆಯನ್ನು ಒಂದು ತುತ್ತು ತಾವು ತಿಂದು ಒಂದು ತುತ್ತು ಅವಳ ಮೂಗಿಗೆ ತಿನ್ನಿಸಿದರು. ಮೂರನೆಯ ದಿನ ಕಿವಿ ಎಳೆದುಕೊಂಡರು; ಹೇಳಿಕೊಟ್ಟಿದ್ದ ಹಾಗೆ ತಕ್ಷಣ ಹೆಗಲಿಗೆ ಹಾಕಿಕೊಂಡಳು; ಮಲಗಿಯೂ ಬಿಟ್ಟರು. ಎಲ್ಲಿ ಎಚ್ಚರವಾಗುತ್ತದೋ ಎಂದು ಅಲ್ಲಾಡದೆ ಕೂತವಳ ಕಾಲು ಜೋಮು ಹಿಡಿದು, ಅವರೆದ್ದ ಮೇಲೆ ತಾನೂ ಏಳಹೋಗಿ ಬೀರುವಿನ ಮೇಲೆ ಧೊಪ್ಪನೆ ಬಿದ್ದಳು. ಸಾಹೇಬರು ಚಪ್ಪಾಳೆ ತಟ್ಟಿದರು. ಇನ್ನೊಮ್ಮೆ ಬೀಳು ಎಂದು ಬೀರು ತೋರಿಸಿದರು. ಕಂಡಕ್ಟರಮ್ಮ ಅಂಗಳಕ್ಕೆ ಬಂದಾಗ, “ನಿಮ್ಮ ಏಣಿ ಪರವಾಗಿಲ್ಲ ಅಜ್ಜಿ” ಎಂದಳು. ಕಂಡಕ್ಟರಮ್ಮನ ಬಾಯಲ್ಲಿ ಅದು ದೊಡ್ಡ ಮಾತು.

ಎಡವಟ್ಟಾದದ್ದು ಗುರುವಾರ.

ಬೆಳಗಿನ ಹೊತ್ತು ಅಜ್ಜಿ ಬಟಾಣಿ ಸುಲಿಯುತ್ತ ಕೂತಿದ್ದಳು. ಮೆಟ್ಟಿಲಿನ ಮೇಲೆ ಯಾರೋ ಇಳಿಯುತ್ತಿದ್ದಾರೆ. ತೂಕ ಕಂಡಕ್ಟರಮ್ಮನದು, ಸದ್ದು ಅವಳದಲ್ಲ. ಅಜ್ಜಿ ಕತ್ತು ಚಾಚಿ ನೋಡಿದಳು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಇಳಿಯುತ್ತಿದ್ದ ಕಂಡಕ್ಟರಮ್ಮ ತುಟಿಯ ಮೇಲೆ ಬೆರಳಿಟ್ಟು ನಕ್ಕಳು. “ಡಿಪೋಗೆ ಹೋಗಿ ಹೊಸ ಯೂನಿಫಾರ್ಮ್ ತರ್ಬೇಕು. ಗೊತ್ತೇ ಆಗದ ಹಾಗೆ ಬಂದ್ಬಿಟ್ಟೆ. ನಿಮ್ಮ ಹುಡುಗೀದೇ ಉಪಾಯ. ಪಾರಿವಾಳ ತೋರಿಸೋಕೆ ಬಾಲ್ಕನಿಗೆ ಕರ್ಕೊಂಡು ಹೋದ್ಲು.” ಹೇಳಿ ಮುಗಿಸುವಷ್ಟರಲ್ಲಿ ಬೀದಿಗಿಳಿದಿದ್ದಳು.

ಅಜ್ಜಿಯ ಕೈಯ ಬಟಾಣಿ ಕೈಯಲ್ಲೇ ನಿಂತಿತು. ಹಾಲು ಉಕ್ಕಿದ ಹೊತ್ತಿಗೆ ಅರ್ಧಕ್ಕೆ ಬಿಟ್ಟಿದ್ದ ಮಾತು ಈಗ ಪೂರ್ತಿ ನೆನಪಾಯಿತು. ಅವರಮ್ಮ ಹೊರಡುವಾಗ ಕದ್ದು ಹೋಗೋಕೆ ಬಿಡಬೇಡ. ಅತ್ತರೂ ಸರಿ, ಮುಖ ನೋಡಿ ಹೇಳಿಯೇ ಹೋಗಬೇಕು.

ಸ್ವಲ್ಪ ಹೊತ್ತು ಮೇಲೆ ಎಲ್ಲವೂ ಶಾಂತ. ಆಮೇಲೆ ಪುಟ್ಟ ಕಾಲಿನ ಪಟಪಟ ಸದ್ದು. ಒಂದು ಕೋಣೆ, ಇನ್ನೊಂದು ಕೋಣೆ, ಬಚ್ಚಲಿನ ಬಾಗಿಲು. “ಮ್ಮಾ?” ಬೀರುವಿನ ಬಾಗಿಲು. “ಮ್ಮಾ?” ಆಮೇಲೆ ಬಂತು ಅಳು. ಹಸಿವಿನದಲ್ಲ, ನೋವಿನದಲ್ಲ, ನೋಡಿ ನೋಡಿ ಅಳುವುದಂತೂ ಅಲ್ಲವೇ ಅಲ್ಲ. ಅಂಥ ಅಳು ಕೇಳಿ ಅಜ್ಜಿಗೆ ತುಂಬಾ ಕಾಲವಾಗಿತ್ತು.

ತಾಯಿ ವಾಪಸು ಬಂದ ಮೇಲೆ ಸಾಹೇಬರು ಅಂಟಿನ ಹಾಗೆ ಅಂಟಿಕೊಂಡರು. ಆಕೆ ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಿಗೆ ಒರಗಿ ಕೂರುವರು. ಏಣಿ ಹತ್ತಿರ ಬಂದರೆ ಮುಖ ತಿರುವುವರು. ಬಾಲ್ಕನಿಯ ಕಡೆ ಕರೆದರೆ ಕೈಕಾಲು ಬಡಿಯುವರು. ಶುಕ್ರವಾರ ಒಂದು ಪಾರಿವಾಳ ತಾನಾಗಿಯೇ ಬಂದು ಕಿಟಕಿಯ ಮೇಲೆ ಕೂತದ್ದೇ ತಡ, ಅದನ್ನು ಕಂಡು ಚೀರಿದ ಚೀರಿಗೆ ಪಾರಿವಾಳವೂ ಹೆದರಿತು, ಏಣಿಯೂ ಹೆದರಿದಳು. ಅವರ ಲೆಕ್ಕ ಸರಿಯಾಗಿಯೇ ಇತ್ತು: ಪಾರಿವಾಳ ಬಂದರೆ ಅಮ್ಮ ಹೋಗುತ್ತಾಳೆ.

ಶನಿವಾರ ಮಧ್ಯಾಹ್ನ ಏಣಿ ಇಳಿದು ಬಂದು ಕೆಳಗಿನ ಮೆಟ್ಟಿಲಿನ ಮೇಲೆ ಕೂತಳು. ಮಂಡಿ ಎರಡೂ ಕಿವಿಯ ಹತ್ತಿರ ಬಂದಿದ್ದವು. ಅಜ್ಜಿ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು.

“ಸಾಯಂಕಾಲ ಅತ್ತೆಗೆ ಫೋನ್ ಮಾಡ್ತಾರಂತೆ” ಎಂದಳು ಏಣಿ. “ಲೋಟ ಒಡೆದಾಗ ಇಷ್ಟು ಬೇಜಾರಾಗಿರಲಿಲ್ಲ ದೊಡ್ಡಜ್ಜಿ. ನನ್ನಿಂದ ಮಗು ಊರು ಬಿಡೋ ಹಾಗಾಯ್ತು. ಅಳಬಾರದು ಪಾಪ ಅಂತ ಮಾಡ್ದೆ.”

“ಅವರು ಅಳಬಾರದು ಅಂತಲೋ, ನೀನು ಅಳು ಕೇಳಬಾರದು ಅಂತಲೋ?”

ಏಣಿ ಯೋಚಿಸಿದಳು. “ನಾನು ಕೇಳಬಾರದು ಅಂತ.”

“ಸರಿ. ಒಪ್ಕೊಂಡ್ಯಲ್ಲ, ಇನ್ನು ಸರಿಹೋಗುತ್ತೆ. ಅರ್ಧ ತಪ್ಪು ನನ್ನದೂ ಇದೆ, ಇನ್ನರ್ಧ ಆ ಹಾಲಿಂದು. ಆ ಗೇಟು ಕೀಳು.”

“ಯಾವ ಗೇಟು?”

“ಈ ಬಾಗಿಲಿಂದೇ. ಕೊಂಡಿ ಮೇಲಕ್ಕೆತ್ತಿದ್ರೆ ಬರುತ್ತೆ. ಇನ್ನು ನನಗ್ಯಾಕೆ ಅದು, ದಿನಾ ದಾಟೋಕೆ ಹೋಗಿ ಮುಗ್ಗರಿಸೋಕಾ? ಹೆಗಲ ಮೇಲೆ ಹಾಕ್ಕೊ. ನಡಿ ಮೇಲಕ್ಕೆ.”

“ನೀವೂನಾ? ನಿಮ್ಮ ಮಂಡಿ...”

“ನನ್ನ ಮಂಡಿ ನನ್ನ ಜೊತೆ ಬರುತ್ತೆ. ಅದನ್ನ ಬಿಟ್ಟು ಹೋಗೋಕೆ ಆಗಿದ್ರೆ ಯಾವತ್ತೋ ಹತ್ತಿರ್ತಿದ್ದೆ.”

ಪ್ರತಿ ತಿರುವಿನಲ್ಲೂ ಕೂತು, ಉಸಿರು ತೆಗೆದುಕೊಂಡು, ಬಾಗಿಲು ತೆರೆದು ನೋಡಿದವರಿಗೆಲ್ಲ “ಹವಾ ಸೇವನೆ” ಎಂದು ಉತ್ತರ ಕೊಡುತ್ತ ಅಜ್ಜಿ ಮೂರನೇ ಮಹಡಿ ತಲುಪಿದಳು. ಬಾಗಿಲು ತೆರೆದ ಕಂಡಕ್ಟರಮ್ಮನ ಕೈಯಲ್ಲಿ ಫೋನಿತ್ತು. ಕಾಲಿಗೆ ಸಾಹೇಬರು ಜೋತುಬಿದ್ದಿದ್ದರು.

“ಅಯ್ಯೋ ಅಜ್ಜಿ! ನೀವ್ಯಾಕೆ ಹತ್ತೋಕೆ ಹೋದ್ರಿ?”

“ಆ ಫೋನ್ ಕೆಳಗಿಡು ಮೊದಲು. ಒಂದು ಮಾತು ಹೇಳು. ನಿನ್ನ ಬಸ್ಸು ಹತ್ತಿದೋರು ಹೇಳದೆ ಕೇಳದೆ ಹಿಂದಿನ ಬಾಗಿಲಿಂದ ಇಳಿದು ಹೋದ್ರೆ ಏನಂತೀಯ?”

“ಏನಂತೀನಿ! ಬಾಯಿ ತುಂಬ ಬೈತೀನಿ.”

“ನಿನ್ನ ಮಗ ಬಾಯಿ ತುಂಬ ಬೈತಾ ಇದ್ದಾನೆ, ಅಷ್ಟೇ. ಬಾಯಲ್ಲಿ ಮಾತು ಇನ್ನೂ ಬಂದಿಲ್ಲ. ಹೇಳಿ ಹೋಗು, ಹೇಳಿದ ಹಾಗೆ ಬಾ. ಇವತ್ತು ನಾಳೆ ಅದನ್ನೇ ಮಾಡು. ಸೋಮವಾರ ಬೆಳಿಗ್ಗೆ ತನಕ ಅತ್ತೆಗೆ ಫೋನ್ ಬೇಡ. ಆಮೇಲೆ ನಿನ್ನಿಷ್ಟ.”

ಮರದ ಗೇಟನ್ನು ಮೇಲಿನ ಬಾಗಿಲಿಗೆ ಹಗ್ಗದಿಂದ ಕಟ್ಟಿದರು. ಗೇಟಿನ ಒಳಗೆ ಸಾಹೇಬರು, ಹಿಂದೆ ನೆಲದ ಮೇಲೆ ಏಣಿ. ಕಂಡಕ್ಟರಮ್ಮ ಗೇಟು ದಾಟಿ, ಮಗನ ಮುಖ ನೋಡಿ, “ಹೋಗಿ ಬರ್ತೀನಿ” ಎಂದು ಒಂದು ಮಹಡಿ ಇಳಿದು ಹತ್ತಿ ಬಂದಳು. ಅಷ್ಟರಲ್ಲಿ ಸಾಹೇಬರು ಊರಿಗೆಲ್ಲ ಕೇಳುವಂತೆ ಅತ್ತಿದ್ದರು. ಮತ್ತೆ ಇಳಿದಳು, ಮತ್ತೆ ಅತ್ತರು. ಅಜ್ಜಿ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಹೀಗೇ ಒಂದು ವಾರ ಮಾಡಿದರೆ ದಾರಿಗೆ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಒಂದು ವಾರ ಎಲ್ಲಿದೆ?

ಎಷ್ಟನೆಯ ಸಲವೋ ಕಂಡಕ್ಟರಮ್ಮ ಸಾಕಾಗಿ, ಹೊರಡುವ ಮುಂಚೆ ಬಾಯಿಗೆ ಅಭ್ಯಾಸವಾಗಿದ್ದ ಮಾತನ್ನು ತನಗೆ ತಾನೇ ಹೇಳಿಕೊಂಡಳು. “ಹೂಂ, ರೈಟ್ ರೈಟ್.”

ಸಾಹೇಬರ ಅಳು ಗಕ್ಕನೆ ನಿಂತಿತು. ಮಾತು ಗುರುತಿನದು. ಸ್ನಾನ ಮಾಡಿಸುವಾಗ ಸೋಪಿನ ಡಬ್ಬಿಯನ್ನು ನೀರಿನ ಮೇಲೆ ಬಿಟ್ಟು ಅಮ್ಮ ದಿನವೂ ಆಡಿಸುತ್ತಿದ್ದ ಬಸ್ಸಿನ ಮಾತು ಅದು. ಅಳು ನಿಂತದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು, ಮತ್ತೆ ಶುರುವಾಯಿತು. ಆದರೆ ಏಣಿ ಅದನ್ನು ಕಂಡಳು.

“ಅಕ್ಕ, ನಿಲ್ಲಿ. ಕಂಡಕ್ಟರ್ ರೈಟ್ ಕೊಡದೆ ಬಸ್ ಹೊರಡುತ್ತಾ?”

“ಹೊರಡೋ ಹಾಗಿಲ್ಲ.”

“ಹಾಗಾದ್ರೆ ನೀವು ಹೇಳಬೇಡಿ. ನಿಮ್ಮ ಹಳೇ ಬ್ಯಾಗ್ ಇದ್ರೆ ಕೊಡಿ.”

ತೊಗಲು ಸವೆದ ಹಳೆಯ ಟಿಕೆಟ್ ಚೀಲ ಬಂತು. ಅದರ ಪಟ್ಟಿಗೆ ನಾಲ್ಕು ಗಂಟು ಹಾಕಿ ಏಣಿ ಸಾಹೇಬರ ಕೊರಳಿಗೆ ಹಾಕಿದಳು. ಆದರೂ ಚೀಲ ಅವರ ಪಾದ ಮುಟ್ಟುತ್ತಿತ್ತು. ಗೇಟು ಹಿಡಿದುಕೊಂಡು ನಿಂತರು. ಏಣಿ ಪಕ್ಕದಲ್ಲಿ ಕೂತು, ಬಟ್ಟೆ ಅಂಗಡಿಯಲ್ಲಿ ಯಾವತ್ತೂ ಹೊರಡದಿದ್ದ ಗಂಟಲಿನಿಂದ ಕೂಗಿದಳು: “ಬಸ್ ಹೊರಡ್ತಾ ಇದೆ! ಅಮ್ಮ ಹತ್ತಿದ್ದಾರೆ! ಸಾಹೇಬ್ರೇ, ರೈಟ್ ಕೊಡಿ!”

ಸಾಹೇಬರು ಬಾಯಿ ತೆರೆದರು. ಏನೂ ಬರಲಿಲ್ಲ. ಕಂಡಕ್ಟರಮ್ಮ ಕದಲಲಿಲ್ಲ. ಕೈಯನ್ನು ಸ್ಟೀರಿಂಗ್ ಮೇಲಿಟ್ಟವಳ ಹಾಗೆ ಹಿಡಿದು, ಎಂಜಿನ್ನಿನಂತೆ ಗುರುಗುಟ್ಟುತ್ತ ನಿಂತಳು.

“ಲೈ” ಎಂದರು ಸಾಹೇಬರು.

ಬಸ್ಸು ಹೊರಟಿತು. ಒಂದು ಮಹಡಿ ಇಳಿದು, ತಿರುಗಿ, ಮೇಲೆ ಬಂತು. ಸಾಹೇಬರು ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು.

ಭಾನುವಾರ ಇಡೀ ಕಟ್ಟಡದ ಓಡಾಟ ಸಾಹೇಬರ ಕೈಗೆ ಹೋಯಿತು. ಮೇಲಿನ ಮಹಡಿಯ ಮೇಷ್ಟ್ರು ತರಕಾರಿ ಚೀಲ ಹಿಡಿದು ಇಳಿಯುವಾಗ ಏಣಿ ತಡೆದಳು. “ಸಾರ್, ರೈಟ್ ಆಗಿಲ್ಲ.” ಮೇಷ್ಟ್ರು ಮೂರನೇ ಮಹಡಿಯಲ್ಲಿ ನಿಂತು ಗಂಟಲು ಸರಿಮಾಡಿಕೊಂಡು, “ಸಾಹೇಬ್ರೇ, ಮಾರ್ಕೆಟ್‌ಗೆ ಒಂದು” ಎಂದರು. ಸಾಹೇಬರು ಮೇಲಿಂದ ಕೆಳಗೆ ನೋಡಿ, ಬಹಳ ಯೋಚಿಸಿ, “ಲೈ” ಎಂದರು. ನರ್ಸಮ್ಮನ ಸೊಸೆಗೆ ಕಸದ ಬುಟ್ಟಿಯೊಡನೆ ಇಳಿಯಲು ಅಪ್ಪಣೆ ಸಿಕ್ಕಿತು. ಔಷಧಿ ಅಂಗಡಿಯವನು ಅಜ್ಜಿಗೆ ಮಂಡಿಯ ಎಣ್ಣೆ ತಲುಪಿಸಲು ಬಂದವನು, ವಿಷಯ ಕೇಳಿ ಮೂರು ಮಹಡಿ ಹತ್ತಿ ಬಂದ. ಗೇಟಿನ ಮೇಲಂಚು ಸವರಿ, “ಇದರಲ್ಲಿ ನನ್ನ ಹಲ್ಲಿನ ಗುರುತೂ ಇರಬೇಕು” ಎಂದ. ಅವನಿಗೂ ರೈಟ್ ಸಿಕ್ಕಿತು. ಹೋದವರೆಲ್ಲ ಮರೆಯದೆ ಬಂದು ಮುಖ ತೋರಿಸಿದರು. ಹಾಗೆಂದು ಅಜ್ಜಿ ಕೆಳಗೆ ಕೂತು ತಾಕೀತು ಮಾಡಿದ್ದಳು. ಕಂಡಕ್ಟರಮ್ಮ ಬೀದಿಯ ತುದಿಯವರೆಗೆ ಹೋಗಿ ಬಂದಳು. ಎರಡು ಸಲ ಅಳು ಬಂತು, ಒಂದು ಸಲ ಬರಲಿಲ್ಲ. ಆದರೆ ಇಡೀ ದಿನಕ್ಕೆ ಹೋಗುವುದು ಬೇರೆ ಮಾತು. ಅದು ಮೂವರಿಗೂ ಗೊತ್ತಿತ್ತು.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಏಣಿ ಬಂದು ಮೇಲೆ ಹೋದಳು. ಅಜ್ಜಿ ಬಾಗಿಲು ತೆರೆದಿಟ್ಟು ಕೂತಳು. ಮೇಲೆ ಹೋಗಬೇಕೆಂದು ಜೀವ ಎಳೆಯಿತು, ಹೋಗಲಿಲ್ಲ. ಮೊನ್ನೆ ಹತ್ತಿದ್ದಕ್ಕೆ ಮಂಡಿ ಇನ್ನೂ ಬಡ್ಡಿ ವಸೂಲು ಮಾಡುತ್ತಿತ್ತು. ಅಲ್ಲದೆ, ಮಗು ಕಣ್ಣೊರೆಸಿಕೊಂಡು ತಿರುಗಿದಾಗ ಕಾಣಬೇಕಾದದ್ದು ಒಬ್ಬಳ ಮುಖ. ಇಬ್ಬರದಲ್ಲ.

ಮೇಲೆ ಬಾಗಿಲು ತೆರೆಯಿತು. ಹೊಸ ಬೂಟಿನ ಸದ್ದು. ಗೇಟು ಕಿರುಗುಟ್ಟಿತು. ಕಂಡಕ್ಟರಮ್ಮನ ದನಿ ಕೇಳಿತು: “ಅಮ್ಮ ಡ್ಯೂಟಿಗೆ ಹೋಗ್ತಾಳೆ. ಸಾಯಂಕಾಲ ಬರ್ತಾಳೆ. ರೈಟ್ ಕೊಡಿ ಸಾಹೇಬ್ರೇ.”

ಸದ್ದಿಲ್ಲ.

ಅಜ್ಜಿ ಕೋಲನ್ನು ಬಿಗಿಯಾಗಿ ಹಿಡಿದಳು. ಏಣಿ ಏನಾದರೂ ಹೇಳುತ್ತಾಳೇನೋ, ಪುಸಲಾಯಿಸುತ್ತಾಳೇನೋ, ಆ ಹಾಳು ಪಾರಿವಾಳವನ್ನು ಕರೆಯುತ್ತಾಳೇನೋ ಎಂದು ಕಿವಿಗೊಟ್ಟಳು. ಏಣಿ ತುಟಿ ಬಿಚ್ಚಲಿಲ್ಲ. ನಾಲ್ಕನೇ ಮಹಡಿಯಲ್ಲಿ ಮೇಷ್ಟ್ರ ಹೆಜ್ಜೆಯೂ ಇಳಿಯುತ್ತ ಇಳಿಯುತ್ತ ನಡುವೆ ನಿಂತಿತು. ಎರಡನೇ ಮಹಡಿಯಲ್ಲಿ ಯಾರೋ ನಲ್ಲಿ ಬಂದ್ ಮಾಡಿದರು. ಇಡೀ ಕಟ್ಟಡ ರೈಟಿಗಾಗಿ ಕಾದು ನಿಂತ ಹಾಗಿತ್ತು.

ಒಂದು ಸಣ್ಣ ಬಿಕ್ಕು. ಮೂಗೆಳೆದುಕೊಂಡ ಸದ್ದು. ಆಮೇಲೆ, ಒಲ್ಲದ ಮನಸ್ಸಿನಿಂದ, ಮೇಲಧಿಕಾರಿ ಕೊನೆಗೂ ರಜ ಮಂಜೂರು ಮಾಡಿದ ಹಾಗೆ:

“ಲೈ.”

ಬೂಟುಗಳು ಇಳಿದು ಬಂದವು. ಓಡಲಿಲ್ಲ, ಕಳ್ಳಹೆಜ್ಜೆ ಇಡಲಿಲ್ಲ, ಒಂದೊಂದು ಮೆಟ್ಟಿಲೂ ಮೇಲಕ್ಕೆ ಕೇಳಿಸುವ ಹಾಗೆ ಇಳಿದವು. ಅಜ್ಜಿಯ ಬಾಗಿಲ ಮುಂದೆ ಕಂಡಕ್ಟರಮ್ಮ ನಿಂತಳು. ಖಾಕಿ ಅಂಗಿಯ ತೋಳಿನಿಂದ ಕಣ್ಣೊರೆಸುತ್ತ ನಗುತ್ತಿದ್ದಳು. “ಕೊಟ್ರು ಅಜ್ಜಿ! ಸಾಹೇಬ್ರು ರೈಟ್ ಕೊಟ್ರು!”

“ಕೊಟ್ಟ ಮೇಲೆ ನಿಲ್ಲಬಾರದು. ನಡಿ. ಹೇಳಿದ ಹೊತ್ತಿಗೆ ಬಾ.”

ಆಕೆ ಬೀದಿಗಿಳಿಯುವ ತನಕ ತಡೆದಿದ್ದ ಅಳು ಆಮೇಲೆ ಶುರುವಾಯಿತು. ಜೋರಾಗಿಯೇ ಇತ್ತು. ಅಜ್ಜಿ ಕಿವಿಯಿಟ್ಟು ಕೇಳಿದಳು. ಗುರುವಾರದ ಅಳಲ್ಲ ಇದು. ಆವತ್ತು ಮಗು ಬೀರುವಿನ ಬಾಗಿಲು ತೆಗೆದು ನೋಡಿತ್ತು, ಬಚ್ಚಲು ಹುಡುಕಿತ್ತು. ಇವತ್ತು ಹುಡುಕಾಟವಿಲ್ಲ. ಅಮ್ಮ ಎಲ್ಲಿಗೆ ಹೋದಳೆಂಬುದು ಸಾಹೇಬರಿಗೆ ಗೊತ್ತು. ಕಳಿಸಿದ್ದೇ ಅವರು. ಬೇಜಾರು, ಅಷ್ಟೇ. ಅದರ ನಡುವೆ ಏಣಿಯ ದನಿ ಕೇಳುತ್ತಿತ್ತು, ಅಳಬೇಡಿ ಎನ್ನುತ್ತಿರಲಿಲ್ಲ. “ಹೂಂ... ಹೌದು... ಹೋದ್ರು... ಹೂಂ” ಎಂದು ಕೇಳಿಸಿಕೊಳ್ಳುತ್ತಿದ್ದಳು. ಇದನ್ನು ಅಜ್ಜಿ ಹೇಳಿಕೊಟ್ಟಿರಲಿಲ್ಲ. ಹಾಲು ಉಕ್ಕದಿದ್ದರೂ ಹೇಳಿಕೊಡುತ್ತಿರಲಿಲ್ಲ, ಅವಳಿಗೇ ಹೊಳೆದಿರಲಿಲ್ಲ.

ಅಜ್ಜಿ ಎದ್ದು, ಬಗ್ಗದೆ ಗುಡಿಸುವ ಉದ್ದ ಹಿಡಿಯ ಪೊರಕೆ ತೆಗೆದುಕೊಂಡು ಅಂಗಳ ಗುಡಿಸತೊಡಗಿದಳು. ಅರ್ಧ ಗುಡಿಸುವ ಹೊತ್ತಿಗೆ ಅಳು ಬಿಕ್ಕಾಯಿತು. ಬಿಕ್ಕು ನಿಂತು ಬಕೆಟ್ಟು ಎಳೆಯುವ ಸದ್ದಾಯಿತು. ಮೆಟ್ಟಿಲಿನ ಮೇಲೆ ಹೆಜ್ಜೆ: ಒಂದು ಉದ್ದನೆಯದು, ಅದರ ಪಕ್ಕ ಚೀಲ ಮೆಟ್ಟಿಲಿಗೆ ತಾಗುವ ದಬ್ ದಬ್.

ಏಣಿ ಒಂದು ಕೈಯಲ್ಲಿ ಒದ್ದೆ ಬಟ್ಟೆಯ ಬಕೆಟ್ಟು, ಇನ್ನೊಂದು ಕೈಯಲ್ಲಿ ಸಾಹೇಬರ ಬೆರಳು ಹಿಡಿದು ಅಂಗಳಕ್ಕೆ ಬಂದಳು. ಸಾಹೇಬರ ಮೂಗು ಕೆಂಪಾಗಿತ್ತು. ಟಿಕೆಟ್ ಚೀಲದ ತುಂಬ ಬಟ್ಟೆಯ ಕ್ಲಿಪ್ಪುಗಳಿದ್ದವು. ಬಾಗಿಲಿನಿಂದ ಆಚೆ ಬರುವಾಗ ಏಣಿ ತಾನಾಗಿ ತಲೆ ಬಗ್ಗಿಸಿದ್ದನ್ನು ಅಜ್ಜಿ ನೋಡಿದಳು, ನೋಡದವಳ ಹಾಗೆ ಗುಡಿಸಿದಳು.

“ಮೊದಲನೇದು ಅಮ್ಮನ ಅಂಗಿ” ಎಂದಳು ಏಣಿ, ಜೋರಾಗಿ ಒದರಿ ತಂತಿಗೆ ಹಾಕುತ್ತ. “ಕ್ಲಿಪ್ ಕೊಡಿ ಸಾಹೇಬ್ರೇ.”

ಸಾಹೇಬರು ಚೀಲದೊಳಗೆ ಕೈ ಹಾಕಿ, ಹುಡುಕಿ, ನೀಲಿಯದನ್ನು ಬಿಟ್ಟು ಕೆಂಪಿನದನ್ನು ತೆಗೆದು ಮೇಲಕ್ಕೆ ಚಾಚಿದರು. ಏಣಿ ಬಗ್ಗಿ ತೆಗೆದುಕೊಂಡು ಅಂಗಿಯ ತೋಳಿಗೆ ಸಿಕ್ಕಿಸಿದಳು.

“ಇನ್ನೊಂದು.”